ತಡವಾಗಿ ಏರಿದ ರೇಡಿಯೋ

ನವೆಂಬರ್ ೧೯, ಮಂಗಳವಾರ

ನಮ್ಮ ಖಗೋಳ ಸಂಶೋಧನಾ ತಂಡದ ಬೆಳಗಿನ ಸಭೆಯಲ್ಲಿ ಮೇಷ್ಟ್ರು ನನ್ನ ಗೆಳತಿಗೆ ಅಂದ ಮಾತು ಇನ್ನೂ ಕೊರೆಯುತ್ತಿದೆ: "ಬ್ಲೇಜಾರ್ ಉರಿದಾಗ ನೀನೇ ಇರ್ಲಿಲ್ವಲ್ಲಮ್ಮ." ಬೈದದ್ದಲ್ಲ, ಸಂಕಟಕ್ಕೆ ಅಂದದ್ದು. ಆದರೂ ಅವಳ ಮುಖ ಬಾಡಿಹೋಯಿತು.

ಆ ಬ್ಲೇಜಾರ್, ಅಂದರೆ ನಮ್ಮತ್ತಲೇ ಕಿರಣ ಚಿಮ್ಮುವ ಒಂದು ದೂರದ ಗ್ಯಾಲಕ್ಸಿಯ ಒಡಲು, ಗಾಮಾ ಕಿರಣದಲ್ಲೂ ಕಣ್ಣಿಗೆ ಕಾಣುವ ಬೆಳಕಿನಲ್ಲೂ ಒಟ್ಟಿಗೇ ಭುಗಿಲೆದ್ದ ವಾರ, ಅದರ ರೇಡಿಯೋ ಅಲೆಗಳನ್ನು ಅಳೆಯುವ ಹೊಣೆ ಹೊತ್ತಿದ್ದ ಅವಳು ಆಸ್ಪತ್ರೆಯಲ್ಲಿ ತಾಯಿಯ ಮಗ್ಗುಲಲ್ಲಿದ್ದಳು. ತಾಯಿ ಉಳಿಯಲಿಲ್ಲ. ಮರಳಿ ಬಂದು ಅಳೆದರೆ ರೇಡಿಯೋ ತಣ್ಣಗೆ ಮಲಗಿತ್ತು. ಕೆಲವು ಬ್ಲೇಜಾರ್‌ಗಳಲ್ಲಿ ರೇಡಿಯೋ ಬೆಳಕಿನ ಜೊತೆಗೇ ಏರುತ್ತದೆ, ಕೆಲವುಗಳಲ್ಲಿ ವಾರಗಟ್ಟಲೆ ತಡ. ಇದರಲ್ಲಿ ಅವಳಿಲ್ಲದಾಗಲೇ ಏರಿ ಇಳಿದುಹೋಗಿರಬೇಕು ಎಂದು ನಾವೆಲ್ಲ ಕೈಚೆಲ್ಲಿದ್ದೆವು. ಅವಳು ಮಾತ್ರ ಬಿಡದೆ ಅಳೆಯುತ್ತಲೇ ಇದ್ದಳು.

ಮಧ್ಯಾಹ್ನ ನನ್ನ ತೋಳು ಹಿಡಿದು ಎಳೆದೊಯ್ದಳು. "ಇಲ್ನೋಡೇ, ರೇಡಿಯೋ ಈಗ ಏರ್ತಾ ಇದೆ!"

ಮತ್ತೆ ಮತ್ತೆ ಲೆಕ್ಕ ಹಾಕಿದೆವು. ಉಪಕರಣದ ತಪ್ಪಲ್ಲ, ನಿಜಕ್ಕೂ ಏರುತ್ತಿತ್ತು. ಮೇಷ್ಟ್ರು ಓಡಿಬಂದು ಪರದೆ ನೋಡಿದರು. "ನನ್ನ ಬಾಯಿಗೊಂದು ಬೀಗ ಇಲ್ಲ ನೋಡು. ಮನಸ್ಸಿಗೆ ಹಚ್ಕೋಬೇಡಮ್ಮ" ಅಂದರು.

ಅವರು ಹೋದಮೇಲೆ ಅವಳು ಕೇಳಿದಳು: "ಹಾಗಾದ್ರೆ ನಾನು ಅಮ್ಮನ ಹತ್ರ ಇದ್ದಿದ್ದು ತಪ್ಪಾಗ್ಲಿಲ್ಲ, ಅಲ್ವೇನೇ?"

"ಇದು ಏರದೇ ಇದ್ದಿದ್ರೂ ತಪ್ಪಲ್ಲ ಕಣೇ."

ತಾಯಿ ಹೋದಾಗಲೂ ನಮ್ಮೆದುರು ಅಳದವಳು ಕೀಬೋರ್ಡಿನ ಮೇಲೇ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಪರದೆಯ ತುಂಬ ಒಂದೇ ಅಕ್ಷರ ಸಾಲುಸಾಲಾಗಿ ಬೀಳುತ್ತಿತ್ತು. ಬೀಳಲಿ ಎಂದು ಬಿಟ್ಟು, ಅವಳ ಬೆನ್ನ ಮೇಲೆ ಕೈಯಿಟ್ಟು ಕೂತೆ.