ಬದುಕಿರುವ ಶಾಹುಲನಿಗೊಂದು ಚರಮಗೀತೆ

ನಿಜ್ವಾ
೧೨ ನವೆಂಬರ್ ೨೦೨೪

ಪ್ರೀತಿಯ ಶಾಹುಲ್,

ಸಲಾಂ. ಉತ್ತರ ತಡವಾಯಿತು, ಬೈಯಬೇಡ. ಫೋನಿನಲ್ಲಿ ನಿನ್ನೊಡನೆ ವಾದಿಸಿ ಗೆದ್ದವರಿಲ್ಲ; ಅದಕ್ಕೇ ಈ ಕಾಗದವನ್ನು ನಿನ್ನ ಮಗ ಸಿನಾನನ ಕೈಯಲ್ಲಿ ಕಳಿಸುತ್ತಿದ್ದೇನೆ.

ಸಹಮ್ ಪೇಟೆಯ ಅಂಗಡಿಯನ್ನೂ ಈ ಗಲ್ಫನ್ನೂ ಬಿಟ್ಟು ಊರಿಗೆ ಹೊರಟವನಿಗೆ ನಾವು ಶುಕ್ರವಾರ ಬೀಳ್ಕೊಡುಗೆ ಇಟ್ಟರೆ, "ಎಂತ ಮಾರಾಯ, ನಾನು ಸತ್ತಿದ್ದೇನಾ? ಶಾಲು ಹೊದಿಸಿ ಹೊಗಳುವುದೆಲ್ಲ ಬೇಡ. ನಾನು ಬರುವುದಿಲ್ಲ, ಖಲಾಸ್" ಅಂದೆಯಲ್ಲ. ಅದಕ್ಕೆ ಉತ್ತರ ಸಿಕ್ಕಿದೆ.

ನಮ್ಮ ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಕಲಿಸುವ ಸ್ಟೀವನ್ ಸಾರ್ ವೇಲ್ಸ್‌ನವರು. ಮನೆಮಾತು ವೆಲ್ಶ್. ಆರುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಆ ಭಾಷೆಯಲ್ಲಿದ್ದ ಒಬ್ಬ ಕವಿಯ ಕಥೆ ಹೇಳಿದರು. ಸಿರಿವಂತರ ಮನೆಯಿಂದ ಮನೆಗೆ ತಿರುಗುತ್ತ, ಉಂಡ ಊಟಕ್ಕೆ ಹಾಡು ಕಟ್ಟುತ್ತಿದ್ದನಂತೆ. ಪದ್ಯದಲ್ಲಿ ಪ್ರೇಯಸಿಗೆ ಕಡಲಹಕ್ಕಿಯನ್ನು ದೂತನಾಗಿ ಕಳಿಸಿದನಂತೆ. ನನಗೆ ಸಿಕ್ಕಿದ್ದು ಸಿನಾನ್! ಇನ್ನೊಬ್ಬ ಕವಿಯೊಡನೆ ಪದ್ಯದಲ್ಲೇ ಜಗಳ. ಕೊನೆಗೆ ಆ ಜಗಳಗಂಟ ಬದುಕಿರುವಾಗಲೇ ಅವನಿಗೊಂದು ಚರಮಗೀತೆ ಬರೆದನಂತೆ. ಅವನೂ ಬಿಡದೆ ಇವನಿಗೊಂದು ಬರೆದನಂತೆ. "ಹೊಗಳಿಕೆ ಕೇಳಲು ಕಿವಿ ಬೇಕಲ್ಲ" ಅಂದರು ಸ್ಟೀವನ್ ಸಾರ್. ನಾನು ಖುಷಿಗೆ ಕುರ್ಚಿಯಿಂದ ಎದ್ದೇಬಿಟ್ಟೆ.

ಈಗ ನಿನ್ನದನ್ನು ಬರೆದಿದ್ದೇನೆ. ಸ್ವಲ್ಪ ರುಚಿ ನೋಡು:

ಅಯ್ಯೋ, ಶಾಹುಲ್ ಹೋದ!
ಸಹಮ್ ಕಡಲಿನ ಬೂತಾಯಿ ಮೀನುಗಳೇ, ಇನ್ನು ನಿಶ್ಚಿಂತೆಯಿಂದ ಈಜಿ.
ಕೇರಂನಲ್ಲಿ ರಾಣಿಯನ್ನು ಕದಿಯುತ್ತಿದ್ದ ಬೆರಳು ಇನ್ನಿಲ್ಲ,
ಬೇಡವೆಂದರೂ ಚಹಾ ತರಿಸುತ್ತಿದ್ದ ಗಂಟಲು ಇನ್ನಿಲ್ಲ.

ಅರ್ಥ ಹೇಳಿದಾಗ ಸ್ಟೀವನ್ ಸಾರ್, "ನಿಮ್ಮ ಸ್ನೇಹಿತ ಬಹಳ ಗಮ್ಮತ್ತಿನ ಹೆಣ" ಎಂದು ಹೊಟ್ಟೆ ಹಿಡಿದು ನಕ್ಕರು.

ಆದ್ದರಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತು ನಿನ್ನ ಸಾವನ್ನು ನೀನೇ ಆನಂದಿಸು. ಬಿರಿಯಾನಿ ಇದೆ. ನನ್ನ ಚರಮಗೀತೆಯನ್ನು ನೀನು ಬರೆದು ತಾ. ಹಳೆಯ ಸೇಡೆಲ್ಲ ತೀರಿಸಿಕೋ.

ಮನೆಯಲ್ಲಿ ಅಮೀನತ್‌ಗೆ ನನ್ನ ನಮಸ್ಕಾರ ಹೇಳು. ದೇವರು ನಿನ್ನನ್ನು ನೂರು ವರ್ಷ ಇಟ್ಟು ನನ್ನ ಪದ್ಯವನ್ನು ಸುಳ್ಳು ಮಾಡಲಿ.

ನಿನ್ನ
ಸೇಸಪ್ಪ

ತಾ.ಕ.: ಚರಮಗೀತೆಯ ಕೊನೆಯ ಸಾಲನ್ನು ಮಾತ್ರ ತಮಾಷೆಯಾಗಿ ಬರೆಯಲು ಆಗಲಿಲ್ಲ; ಅದಕ್ಕೇ ಮೇಲೆ ಕೊಡಲಿಲ್ಲ. ಇಲ್ಲಿ ಎಲ್ಲರಿಗೂ ನಾನು ಸೇಸಪ್ಪಣ್ಣ. ಹೋದ ವರ್ಷ ಊರಿನಲ್ಲಿ ನನ್ನ ಅಪ್ಪಿ ಅಕ್ಕ ತೀರಿಕೊಂಡ ಮೇಲೆ ನನ್ನನ್ನು 'ಸೇಸ' ಎಂದು ಕರೆಯಲು ಉಳಿದವನು ನೀನೊಬ್ಬನೇ. ಶುಕ್ರವಾರ ಬಾ ಮಾರಾಯ. ಫೋನಿನಲ್ಲಿ ಬೇಡ, ಎದುರಿಗೆ ನಿಂತು ಒಮ್ಮೆ ಕರೆದು ಹೋಗು.