ಒಂದು ಗೇಣು ಹೆಚ್ಚು ಹೊರಳಿದ ಚೆಂಡು

ಅಕ್ಕಾ,

ಗುಬ್ಬಿ ಮೆಟ್ಟಿಲ ಮೇಲೆ ಜಾರಿ ಕೈ ನೋಯಿಸಿಕೊಂಡಳೆಂದು ನೀನು ನಂಬಿದ್ದೀಯ. ನಿನ್ನ ಮಗಳು ಬೀಳಲಿಲ್ಲ. ಹಾಗೆ ಹೇಳು ಎಂದವನು ನಾನು.

ಸಾಫ್ಟ್‌ಬಾಲಿನಲ್ಲಿ ತೋಳನ್ನು ಚಕ್ರದಂತೆ ಸುತ್ತಿಸಿ ಸೊಂಟದ ಪಕ್ಕದಿಂದ ಚೆಂಡು ಬಿಡುತ್ತಾರೆ. ಬಿಡುವಾಗ ಬೆರಳು, ಮಣಿಕಟ್ಟು ಕೊಡುವ ತಿರುವಿನಿಂದಲೇ ಅದು ಬ್ಯಾಟಿನ ಹತ್ತಿರ ಬಂದು ಪಕ್ಕಕ್ಕೆ ಹೊರಳುತ್ತದೆ. ಗುಬ್ಬಿಗೆ ಅದು ಚೆನ್ನಾಗಿಯೇ ಬರುತ್ತಿತ್ತು. ಕೋಚ್ ಆದ ನನಗೆ ಸಾಲಲಿಲ್ಲ. ಮೊಣಕೈಯನ್ನೂ ಜೋರಾಗಿ ತಿರುಚು ಎಂದೆ. ಚೆಂಡು ಒಂದು ಗೇಣು ಹೆಚ್ಚು ಹೊರಳಿತು. ಚಪ್ಪಾಳೆ ತಟ್ಟಿದೆ.

ಮೂರನೇ ವಾರ, "ಮಾವ, ಮೊಣಕೈ ಒಳಗೆ ಚುಚ್ತಾ ಇದೆ" ಎಂದಳು.

"ಹೊಸದರಲ್ಲಿ ಹಾಗೇ ಇರುತ್ತೆ. ಇನ್ನೊಂದಿಪ್ಪತ್ತು ಎಸಿ."

ಫೈನಲ್ ಹತ್ತಿರವಿತ್ತು, ಅಕ್ಕಾ. ಹದಿನೇಳನೆಯದನ್ನು ಎಸೆದವಳು ಕೈ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ಆಗಲೂ ನನ್ನ ಬಾಯಿಂದ ಮೊದಲು ಬಂದದ್ದು, "ಅಮ್ಮನಿಗೆ ಹೇಳ್ಬೇಡ" ಎಂಬ ಮಾತು.

ಬಿದ್ದ ಪೆಟ್ಟೆಂದುಕೊಂಡು ಡಾಕ್ಟರು ಮುಂದಿನ ವಾರವೇ ಆಡಲು ಬಿಡುತ್ತಾರಂತೆ. ಇದು ವಾರಗಟ್ಟಲೆ ತಿರುಚಿ ಆದ ನೋವು ಎಂದು ಇವತ್ತೇ ಅವರಿಗೆ ತಿಳಿಸು. ತಂಡಕ್ಕೆ ಬೇರೆ ಕೋಚ್ ಹುಡುಕಲು ಹೇಳಿದ್ದೇನೆ.

ಸುಳ್ಳಿಗಾಗಿ ಅವಳನ್ನು ಗದರಬೇಡ. ನಿನ್ನೆ ಫೋನಿನಲ್ಲಿ ಕೇಳಿದಳು: "ಮಾವ, ನೀನು ಹೇಳ್ಕೊಟ್ಟ ಹಾಗೇ ಹೇಳ್ದೆ. ಸರಿಯಾಯ್ತಾ?"

ಇವತ್ತು ಸಂಜೆ ನಾಲ್ಕಕ್ಕೆ ನೀವಿಬ್ಬರೂ ಬರುವಾಗ ಕ್ಲಿನಿಕ್ಕಿನ ಬಾಗಿಲಲ್ಲಿ ಇರುತ್ತೇನೆ. ನನ್ನನ್ನು ಬೈಯುವಾಗ ಅವಳನ್ನು ಹೊರಗೆ ಕಳಿಸಬೇಡ. ಅವಳಿಗೆ ಕೇಳುವ ಹಾಗೆಯೇ ಬೈ.

ನಿನ್ನ ತಮ್ಮ