ಆಯಿಯ ಕಣ್ಣಿನ ಸರದಿ

ಗಾವಲು ಓಣಿ, ಬೆಳಗಾವಿ
ಹದಿಮೂರನೆಯ ತಿಂಗಳ ನಾಲ್ಕು, ಹಿಮನೀರಿನ ವರ್ಷ ಎಪ್ಪತ್ತೊಂದು

ಮಹಾದೇವಿ ಅವರಿಗೆ ಕಸ್ತೂರಿಯ ನಮಸ್ಕಾರಗಳು.

ತಾರೀಖು ನೋಡಿ ತಲೆ ಕೆಟ್ಟವಳು ಯಾರೋ ಬರೆದಿದ್ದಾಳೆ ಎಂದುಕೊಳ್ಳಬೇಡಿ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ಎಂಬತ್ತೊಂಬತ್ತನೆಯ ಇಸವಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯದಕ್ಕೊಂದು ಹೆಸರಿಡಲು ಯಾರಿಗೂ ಪುರಸೊತ್ತಾಗಲಿಲ್ಲ, ಹಾಗಾಗಿ ಅದು ಬರೀ ಹದಿಮೂರನೆಯದಾಗಿಯೇ ಉಳಿದಿದೆ. ನೀವು ನನ್ನ ಗಂಡನ ಮುತ್ತಜ್ಜನ ಮುತ್ತಜ್ಜಿ. ಆದರೆ ನಾನು ಬರೆಯುತ್ತಿರುವುದು ಇಪ್ಪತ್ತೊಂಬತ್ತು ವರ್ಷದ ನಿಮಗೆ, ಮತ್ತು ನನಗೀಗ ನಲವತ್ತೊಂದು. ಆದ್ದರಿಂದ ನಡುನಡುವೆ ಹಿರಿಯಳಂತೆ ಮಾತಾಡಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ವಹಿಯಿಂದಲೇ. ಅದರಲ್ಲಿಲ್ಲದ ಮಾತು ಬಂದಲ್ಲಿ ನಮ್ಮ ಕಾಲದ್ದನ್ನೇ ಇಟ್ಟು, ಅರ್ಥ ಹೇಳುತ್ತ ಹೋಗುತ್ತೇನೆ.

ನಿಮ್ಮ ವಹಿ ಇನ್ನೂ ಇದೆ. ನೂರು ಪುಟದ, ಗೆರೆ ಎಳೆದ, ಸಾಲೆ ಮಕ್ಕಳ ವಹಿ. ನಿಮ್ಮ ಯಜಮಾನರು ನೀಲಿ ಟೊಪ್ಪಿಗೆ ಹಾಕಿಕೊಂಡು ಶಾಂತಿ ಕಾಯಲು ಆಫ್ರಿಕಾಕ್ಕೆ ಹೋಗಿದ್ದಾಗ, ರವಿವಾರದ ಫೋನಿನಲ್ಲಿ ಏನು ಹೇಳಬೇಕೆಂದು ನೀವು ವಾರವಿಡೀ ಅದರಲ್ಲಿ ಬರೆದಿಡುತ್ತಿದ್ದಿರಿ. ಫೋನು ನಡುವೆಯೇ ಕಡಿದುಹೋಗುತ್ತಿತ್ತಂತೆ, ಅದಕ್ಕೆ. ಈ ಮನೆಯಲ್ಲಿ ಚಿನ್ನ ಮಗಳಿಗೆ ಹೋಯಿತು, ಹೊಲ ನೀರಿಲ್ಲದೆ ಹೋಯಿತು, ಆದರೆ ವಹಿ ಮಾತ್ರ ಅತ್ತೆಯಿಂದ ಸೊಸೆಗೆ ಬರುತ್ತ ಬರುತ್ತ ನನ್ನ ಕೈಗೂ ಬಂತು. ಮನೆಯಿಂದ ಯಾರೇ ಕಡಲಾಚೆ ಹೊರಟರೂ ಹಿರಿಯ ಹೆಂಗಸು ಅದನ್ನು ತೆಗೆದು ೧೭-೧೧-೨೦೨೪ ಎಂದು ಬರೆದ ಪುಟದ ಕೊನೆಯ ಸಾಲನ್ನು ಗಟ್ಟಿಯಾಗಿ ಓದುತ್ತಾಳೆ: "ಎಲ್ಲಾ ಆರಾಮ ಅದೀವಿ, ನೀವು ಚಿಂತಿ ಮಾಡಬ್ಯಾಡ್ರಿ." ಉಳಿದವರು ಅದನ್ನು ಮೂರು ಸಲ ಹೇಳುತ್ತೇವೆ. ದೂರ ಹೋದವರಿಗೆ ಕೆಟ್ಟ ಸುದ್ದಿ ಕಳಿಸಬಾರದು ಎಂಬುದು ಇದರ ಅರ್ಥ. ಹಿಂದೆ ನಮ್ಮ ಮನೆತನದವನೊಬ್ಬ ಕೂಸಿನ ಕಾಯಿಲೆಯ ಸುದ್ದಿ ಕೇಳಿದ ಮರುದಿನವೇ ಹಿಮದ ಬಿರುಕಿಗೆ ಬಿದ್ದನಂತೆ. ಅಂದಿನಿಂದ ನಿಯಮ ಇನ್ನೂ ಬಿಗಿಯಾಯಿತು. ಈಗ ಇಡೀ ಓಣಿಗೆ ಅದೇ ನಿಯಮ. ನೀವು ಎಂದೋ ಅವಸರದಲ್ಲಿ ಗೀಚಿದ ಸಾಲು ನಮ್ಮಲ್ಲಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿಕೊಂಡಿದೆ.

ನನ್ನ ಗಂಡ ಚನ್ನಬಸು ಹಿಮಗಾವಲಿನಲ್ಲಿ ಇದ್ದಾರೆ. ಭೂಮಿಯ ತೆಂಕಣ ತುದಿಯ ಹಿಮವನ್ನು ಕಡಿದು ಹಡಗಿಗೆ ಕಟ್ಟಿ ಎಳೆದು ತಂದು, ಕರಗಿಸಿ, ಊರೂರಿಗೆ ಹಂಚುತ್ತಾರೆ. ಅದನ್ನು ಕದಿಯುವವರೂ ಇರುವುದರಿಂದ ಕಾಯುವವರೂ ಬೇಕು. ನಮ್ಮ ನಲ್ಲಿಯಲ್ಲಿ ದಿನಕ್ಕೆ ಎರಡು ಕೊಡ ಬರುವುದು ಅದೇ ನೀರು. ಮಗಳು ತುಂಗಾ ಅದಕ್ಕೆ "ಅಪ್ಪನ ನೀರು" ಎನ್ನುತ್ತಾಳೆ. ಲೋಟದಲ್ಲಿ ತುಸು ಉಳಿಸಿದರೂ ಬೈಯುತ್ತಾಳೆ. ಇವರು ಹೊರಟಾಗ ಅವಳಿಗೆ ನಾಲ್ಕು ವರ್ಷ, ಈಗ ಒಂಬತ್ತು. ಅಪ್ಪ ಎಂದರೆ ಅವಳಿಗೆ ನೀರು, ಗೂಟಕ್ಕೆ ತೂಗುಹಾಕಿದ ಒಂದು ಅಂಗಿ, ಮತ್ತು ವಾರಕ್ಕೊಮ್ಮೆ ಬರುವ ಚೀಟಿ. ತಿಂಗಳಿಗೊಮ್ಮೆ ಆ ಅಂಗಿ ತೊಟ್ಟುಕೊಂಡು ತೋಳು ಎಷ್ಟು ಉದ್ದವಾಗುತ್ತದೆ ಎಂದು ನೋಡಿಕೊಳ್ಳುತ್ತಾಳೆ. ಮೊದಲು ಬೆರಳು ಕಾಣುತ್ತಿರಲಿಲ್ಲ, ಈಗ ಉಗುರು ಕಾಣುತ್ತವೆ.

ನಮ್ಮ ದಿನಚರಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಬೆಳಿಗ್ಗೆ ಎದ್ದು ಮಾಳಿಗೆಯ ಮೇಲಿನ ಬಿಸಿಲುಹಲಗೆಗಳ ಧೂಳು ಒರೆಸಬೇಕು, ಇಲ್ಲದಿದ್ದರೆ ಒಲೆ ಕಾಯುವುದಿಲ್ಲ. ಜೋಳದ ರೊಟ್ಟಿ ವಾರದಲ್ಲಿ ಎರಡು ದಿನ. ಉಳಿದ ದಿನ ತೊಟ್ಟಿಯಲ್ಲಿ ಬೆಳೆದ ಪಾಚಿಯ ಹಿಟ್ಟಿನದು. ಅದು ಹಸಿರಾಗಿರುತ್ತದೆ, ಬಡಿದರೆ ಹರಿಯುತ್ತದೆ, ರುಚಿಯ ಮಾತು ಬೇಡ. ಶೇಂಗಾ ಚಟ್ನಿ ಇನ್ನೂ ಇದೆ, ಆದ್ದರಿಂದ ಬದುಕಿದ್ದೇವೆ. ಆಮೇಲೆ ನಾನು ಬೀಜಶಾಲೆಯ ಕೆಲಸಕ್ಕೆ, ತುಂಗಾ ಸಾಲೆಗೆ. ಸೋರುವ ಕೊಳವೆ, ಮುರಿದ ಚಿಲಕ, ಸಾಲೆಯ ಪಾಲಕರ ಸಭೆ, ಸೋದರತ್ತೆಯ ಮಗಳ ಸೀಮಂತ, ಎಲ್ಲದಕ್ಕೂ ನಾನೊಬ್ಬಳೇ. ಸಭೆಯಲ್ಲಿ ಯಾರಾದರೂ "ನಿಮ್ಮ ಮನ್ಯಾವರು ಹೆಂಗ ಅದಾರ?" ಎಂದು ಕೇಳಿದರೆ ನನಗೆ ಸುಮ್ಮನೆ ಸಿಟ್ಟು ಬರುತ್ತದೆ. ನನಗೇನು ಗೊತ್ತು? ಅವರೂ ಬರೆಯುವುದು ಆರಾಮ ಎಂದೇ.

ಬರೆಯುವುದು ಎಂದರೆ ನಲವತ್ಮಾತು. ಕಡಲಾಚೆಯ ತಂತಿ ಇಕ್ಕಟ್ಟು, ಹಾಗಾಗಿ ದನಿ ಇಲ್ಲ, ಮುಖ ಇಲ್ಲ. ವಾರಕ್ಕೆ ಒಂದು ಮನೆಗೆ ನಲವತ್ತು ಮಾತು, ಎಂದರೆ ನಲವತ್ತು ಪದ ಮಾತ್ರ. ಅದನ್ನು ಚೀಟಿಯಲ್ಲಿ ಬರೆದು ಓಣಿಯ ಮೂಲೆಯ ಮಾತುಕಟ್ಟೆಯಲ್ಲಿ ಕೂರುವ ದಾನವ್ವನಿಗೆ ಕೊಡಬೇಕು. ಅವಳು ಎಣಿಸಿ ಕಳಿಸುತ್ತಾಳೆ. ನಲವತ್ತರಲ್ಲಿ ಹತ್ತು ನನ್ನ ಅತ್ತೆ ನೀಲವ್ವ ಅವರಿಗೆ ಮೀಸಲಾಗಿದ್ದವು. ಅವರು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಅವರ ಹತ್ತು ಮಾತು ಯಾವಾಗಲೂ ಹದಿನೈದಾಗುತ್ತಿದ್ದವು, ನನ್ನದರಲ್ಲಿ ಐದು ಕಡಿಮೆಯಾಗುತ್ತಿದ್ದವು. ಅದಕ್ಕೆ ನಾವು ಜಗಳವನ್ನೂ ಆಡಿದ್ದೇವೆ.

ಇಪ್ಪತ್ತಾರು ತಿಂಗಳ ಹಿಂದೆ ಅತ್ತೆ ತೀರಿಕೊಂಡರು. ಜ್ವರ ಬಂದು ಮೂರೇ ದಿನ. ಎರಡನೆಯ ದಿನ ನನ್ನ ಕೈ ಹಿಡಿದುಕೊಂಡು, "ಚನ್ನಬಸೂಗ ತಿಳಸಬ್ಯಾಡ. ಅಂವ ಬಂದ ಮ್ಯಾಲ ಕುಂದರಿಸಿಕೊಂಡು ಸಾವಕಾಶ ಹೇಳು" ಎಂದರು. ವಹಿ ತರಿಸಿ ದಿಂಬಿನ ಕೆಳಗೆ ಇಡಿಸಿಕೊಂಡರು. ಸಾಯುವವರ ಮಾತು, ಮನೆತನದ ನಿಯಮ, ಎರಡೂ ಒಂದೇ ಆಗಿದ್ದಾಗ ನಾನು ಮತ್ತೇನು ಯೋಚಿಸಲಿ? ಮಣ್ಣು ಮಾಡಿ ಬಂದ ನಾಲ್ಕನೆಯ ದಿನಕ್ಕೆ ನಲವತ್ಮಾತಿನ ವಾರ ಬಂತು. ನನ್ನ ಪಾಲಿನದು ಬರೆದೆ. ಅತ್ತೆಯ ಪಾಲಿಗೆ "ನಾ ಆರಾಮ ಅದೀನಿ ಮಗಾ" ಎಂದು ಬರೆದೆ. ಪಕ್ಕದಲ್ಲಿ ಕುಳಿತಿದ್ದ ತುಂಗಾ ಇಣುಕಿ ನೋಡಿದಳು. ಏಳು ವರ್ಷ ಆಗ ಅವಳಿಗೆ, ಅಜ್ಜಿಯನ್ನು ಆಯಿ ಎನ್ನುತ್ತಿದ್ದಳು. "ಆಯಿ ಹಂಗ ಅನ್ನೂದುಲ್ಲ. ಕಣ್ಣಿಂದು ಏನರ ಅಂದ ಅಂತಾಳ" ಎಂದಳು. ನಿಜವೇ. ಅತ್ತೆಗೆ ಕಣ್ಣಿನ ಮೇಲೆ ಪೊರೆ ಬೆಳೆದಿತ್ತು, ಅದನ್ನು ಹೇಳದೆ ಅವರ ಮಾತು ಮುಗಿಯುತ್ತಿರಲಿಲ್ಲ. ಮುದುಕರ ಕಣ್ಣು ಮೊಣಕಾಲು ನಿಯಮದಲ್ಲಿ ಕೆಟ್ಟ ಸುದ್ದಿಯೂ ಅಲ್ಲ. ಹಾಗಾಗಿ ತಿದ್ದಿದೆ: "ಕಣ್ಣ ಮತ್ತೂ ಮಂಜಾಗ್ಯಾವ, ಉಳದದ್ದು ಆರಾಮ." ಅಂದಿನಿಂದ ವಾರವಾರವೂ ಆಯಿಯ ಮಾತನ್ನು ತುಂಗಾ ಹೇಳಿಕೊಟ್ಟಳು, ನಾನು ಬರೆದೆ. ಎಷ್ಟು ಚಂದ ಹೇಳಿಕೊಡುತ್ತಿದ್ದಳೆಂದರೆ, ಸತ್ಯ ಹೇಳುತ್ತೇನೆ, ಅತ್ತೆ ಒಳಕೋಣೆಯಲ್ಲಿ ಇದ್ದಾರೆ ಎಂದು ನನಗೂ ಅನ್ನಿಸಿ ಸಮಾಧಾನವಾಗುತ್ತಿತ್ತು.

ಮಗುವಿಗೆ ನಾನು ಏನು ಕಲಿಸುತ್ತಿದ್ದೇನೆಂದು ಮೂರು ತಿಂಗಳ ಹಿಂದೆ ಗೊತ್ತಾಯಿತು. ಅವಳು ಎಡಗೈಯಿಂದ ಊಟ ಮಾಡುತ್ತಿದ್ದಳು. ಎರಡು ದಿನ ಆಟ ಎಂದುಕೊಂಡೆ, ಮೂರನೆಯ ದಿನ ಬೈದೆ, ನಾಲ್ಕನೆಯ ದಿನ ಬಲಗೈ ಹಿಡಿದರೆ ಮಣಿಕಟ್ಟು ಊದಿ ಬಿಗಿದಿತ್ತು. ಮಾಳಿಗೆಯ ನಿಚ್ಚಣಿಕೆಯಿಂದ ಬಿದ್ದು ಎಲುಬು ಮುರಿದಿತ್ತು. "ಯಾಕ ಹೇಳಲಿಲ್ಲ?" ಎಂದು ಕೇಳಿದೆ. "ನೀನೂ ಅಪ್ಪಗ ಹೇಳೂದುಲ್ಲಲಾ" ಎಂದಳು. ಸಿಟ್ಟಿನಿಂದ ಅಲ್ಲ, ನನಗೆ ತಿಳಿಯದ್ದನ್ನು ತಿಳಿಸುವವಳ ಹಾಗೆ. ದವಾಖಾನೆಯ ಬೆಂಚಿನ ಮೇಲೆ ಕುಳಿತು ನಾನು ಅತ್ತುಬಿಟ್ಟೆ. ಆ ವಾರವೂ ಎಲ್ಲಾ ಆರಾಮ ಎಂದೇ ಕಳಿಸಿದೆ. ಹೇಡಿ ಎನ್ನಿ, ಒಪ್ಪುತ್ತೇನೆ.

ಈ ತಿಂಗಳು ಅವರ ಐದು ವರ್ಷ ಮುಗಿಯಬೇಕಿತ್ತು. ಅವರ ಚಪ್ಪಲಿ ತೊಳೆದು ಬಿಸಿಲಿಗಿಟ್ಟಿದ್ದೆ. ಬಂದ ಮೊದಲ ದಿನ ಉಣಿಸಿ, ಕುಂದರಿಸಿಕೊಂಡು, ಸಾವಕಾಶ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ನೂರು ಸಲ ಹೇಳಿಕೊಂಡಿದ್ದೆ. ಕಳೆದ ವಾರ ಚೀಟಿ ಬಂತು. ಅದರಲ್ಲಿದ್ದ ಮಾತು ಇದು: "ಅವ್ವನ ಕಣ್ಣಿನ ಸರದಿ ಸಿಕ್ಕೈತಿ. ಅದಕ್ಕ ಇನ್ನ ಮೂರ ವರ್ಷ ಇರತೀನಂತ ಸಹಿ ಮಾಡೇನಿ. ಆಕಿಗೆ ಈಗ ಹೇಳಬ್ಯಾಡ. ನಾ ಬಂದ ದಿನ ಅವ್ವ ನನ್ನ ಮಾರಿ ನೋಡಿ ಗುರ್ತ ಹಿಡೀಬೇಕು." ಕಣ್ಣಿನ ಸರದಿ ಎಂದರೆ ಕಣ್ಣಿನ ಆಪರೇಷನ್‌ಗೆ ಸಿಗುವ ಪಾಳಿ. ಇಲ್ಲಿ ಅದು ಹತ್ತು ಹನ್ನೆರಡು ವರ್ಷಕ್ಕೂ ಬರುವುದಿಲ್ಲ. ಹಿಮಗಾವಲಿನವರು ಹೆಚ್ಚಿಗೆ ಮೂರು ವರ್ಷ ನಿಲ್ಲುತ್ತೇವೆಂದು ಬರೆದುಕೊಟ್ಟರೆ ಮಾತ್ರ ತಾಯಿತಂದೆಗೆ ಬೇಗ ಸಿಗುತ್ತದೆ.

ನಾನು ಬರೆದ ಎಲ್ಲ ಒಳ್ಳೆಯ ಸುದ್ದಿಗಳ ನಡುವೆ ಅವರ ಕೈಗೆ ಸಿಕ್ಕಿದ್ದು ಅದೊಂದೇ ಕೊರಗು. ಸತ್ತವಳು ಬದುಕಿದ್ದಾಳೆಂದು ನಂಬಿಸಲು ನಾವು ತಾಯಿಮಗಳು ಸೇರಿಸಿದ ಕೊರಗು. ಈಗ ಅವರು ಮಣ್ಣಿನಲ್ಲಿರುವ ತಾಯಿಯ ಕಣ್ಣಿಗಾಗಿ ಇನ್ನೂ ಮೂರು ವರ್ಷ ಹಿಮದ ಮೇಲೆ ನಿಲ್ಲುತ್ತಾರೆ.

ದಾನವ್ವನ ಹತ್ತಿರ ಓಡಿದೆ. ಎಲ್ಲ ಕೇಳಿಸಿಕೊಂಡು ಅವಳು, "ಸಹಿ ಮಾಡಿದ ಹದಿನಾಕು ದಿನದಾಗ ಅವರ ಬ್ಯಾಡ ಅಂದ್ರ ಬಿಡತಾರವಾ. ನೀ ಅಂದ್ರ ನಡೆಯೂದುಲ್ಲ. ಮುಂದಿನ ಚೀಟಿ ಕಡೇದು" ಎಂದಳು. ಮಾತುಕಟ್ಟೆಯ ಗೋಡೆಯಲ್ಲಿ ಬರೆಸಿದ ನಿಮ್ಮ ಸಾಲು ಅವಳ ತಲೆಯ ಮೇಲೇ ಇತ್ತು. ನನಗೆ ಭಯ ಎರಡು. ಸುದ್ದಿ ಓದಿದ ಮರುದಿನ ಅವರ ಕಾಲು ಎಲ್ಲಿ ಬೀಳುತ್ತದೋ ಎಂಬುದು ಒಂದು. ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ: ಇಪ್ಪತ್ತಾರು ತಿಂಗಳು ತಾಯಿಯ ಬಾಯಲ್ಲಿ ಮಾತಾಡಿದವಳ ಮನೆಗೆ ಅವರು ಯಾಕೆ ಬಂದಾರು?

ಧೈರ್ಯಕ್ಕೆಂದು ಇವತ್ತು ಮಧ್ಯಾಹ್ನ ವಹಿ ತೆಗೆದೆ. ನಿಜ ಹೇಳುವ ಧೈರ್ಯಕ್ಕಲ್ಲ, ಇನ್ನೊಮ್ಮೆ ಸುಳ್ಳು ಬರೆಯುವ ಧೈರ್ಯಕ್ಕೆ. ಹದಿನೇಳನೇ ತಾರೀಖಿನ ಪುಟ. ನಿಮ್ಮ ಮಗ ಅಜಿತ ಸಾಲೆಯಲ್ಲಿ ಮೂರನೇ ನಂಬರ್ ಬಂದದ್ದು, ಗ್ಯಾಸ್ ಸಿಲಿಂಡರ್ ಬಂದದ್ದು, ಮಾವನವರ ಬಿಪಿ ಇಳಿದದ್ದು. ಅದರ ಕೆಳಗೆ ನೀವು ಹೊಡೆದುಹಾಕಿದ ಒಂದು ಸಾಲು. ಅದರ ಕೆಳಗೆ ಎಲ್ಲಾ ಆರಾಮ. ಹೊಡೆದುಹಾಕಿದ ಸಾಲನ್ನು ನೂರ ಅರವತ್ತೈದು ವರ್ಷ ಯಾರೂ ಓದಲಿಲ್ಲ. ನಮಗೆ ಬೇಕಾದದ್ದು ಅದರ ಕೆಳಗೇ ಇತ್ತಲ್ಲ. ಇವತ್ತು ಪುಟವನ್ನು ಕಿಟಕಿಯ ಬಿಸಿಲಿಗೆ ಹಿಡಿದೆ. ಪೆನ್ನು ಒತ್ತಿ ಬರೆದಿದ್ದಿರಿ, ಅಕ್ಷರ ಹಿಂಬದಿಗೆ ಎದ್ದಿದ್ದವು. "ಹೊಟ್ಟ್ಯಾಗಿನ ಕೂಸು ಹೋತು. ನಾ ಒಬ್ಬಾಕಿನ ದವಾಖಾನಿಗೆ ಹೋಗಿ ಬಂದೆ."

ಮಹಾದೇವಿ ಅವರೇ, ನಾವು ಮೂರು ಮೂರು ಸಲ ಹೇಳುತ್ತ ಬಂದದ್ದು ಇದನ್ನು ಮುಚ್ಚಿದ ಸಾಲನ್ನು. ನಿಮಗೆ ಅಂದು ಎಷ್ಟು ನೋವಾಗಿತ್ತೋ, ಯಾರು ನೀರು ಕೊಟ್ಟರೋ, ಆ ರವಿವಾರ ಫೋನು ಇಟ್ಟ ಮೇಲೆ ಎಲ್ಲಿ ಕುಳಿತಿರೋ, ನಮಗೆ ಒಂದೂ ಗೊತ್ತಿಲ್ಲ. ನಿಮ್ಮ ಯಜಮಾನರಿಗಾದರೂ ಮುಂದೆ ಗೊತ್ತಾಯಿತೇ? ವಹಿಯಲ್ಲಿ ಇಲ್ಲ.

ಸಾಲೆಯಿಂದ ಬಂದ ತುಂಗಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚೀಟಿ ಬರೆದೆ. ಇದು ನಾಳೆ ಹೋಗುತ್ತದೆ:

"ಅವ್ವಾರು ಹೋಗಿ ಇಪ್ಪತ್ತಾರು ತಿಂಗಳಾತು. ಜ್ವರ ಬಂದು ಮೂರ ದಿನದಾಗ ಹ್ವಾದ್ರು. ನಿಮಗ ಹೇಳಲಿಲ್ಲ. ಅವರ ಮಾತು ಬರದಾಕಿ ನಾನ. ಕಣ್ಣಿನ ಸರದಿ ಬ್ಯಾಡ. ತುಂಗಾನ ಕೈ ಮುರದಿತ್ತು, ಈಗ ಕೂಡೇತಿ. ಸಿಟ್ಟ ಮಾಡ್ರಿ, ಬೈರಿ, ಆದರ ಮನಿಗೆ ಬರ್ರಿ. ನಾವು ಆರಾಮ ಇಲ್ಲ."

ತುಂಗಾ ಬೆರಳಿಟ್ಟು ಎಣಿಸಿದಳು. ಮೂವತ್ತೆರಡು. ಉಳಿದ ಎಂಟು ನನಗೆ ಬೇಕು ಎಂದಳು. ಬಹಳ ಹೊತ್ತು ಪೆನ್ನು ಕಚ್ಚಿಕೊಂಡು ಕುಳಿತು, ಮುರಿದು ಕೂಡಿದ ಕೈಯಿಂದ ತಾನೇ ಬರೆದಳು: "ಅಪ್ಪಾ, ನಾನೂ ಸುಳ್ಳು ಹೇಳೇನಿ. ಆಯಿ ಮಾತು ಹೇಳಿಕೊಟ್ಟಾಕಿ ನಾನ."

ಅವರು ಬರುತ್ತಾರೋ ಇಲ್ಲವೋ ನನಗೆ ತಿಳಿಯದು. ಬಿಸಿಲಿಗಿಟ್ಟ ಚಪ್ಪಲಿಯನ್ನು ಇನ್ನೂ ಒಳಗೆ ತಂದಿಲ್ಲ. ಈ ಪತ್ರವೂ ನಿಮ್ಮನ್ನು ಮುಟ್ಟುವುದಿಲ್ಲ, ಅಷ್ಟು ಹುಚ್ಚಿ ನಾನಲ್ಲ. ವಹಿಯಲ್ಲೇ ಇಡುತ್ತೇನೆ, ನಿಮ್ಮ ಪುಟದ ಪಕ್ಕದಲ್ಲಿ. ಆದರೂ ಕೇಳಿಕೊಳ್ಳುತ್ತೇನೆ. ನಿಮ್ಮ ಪುಟದಲ್ಲಿ ಇವತ್ತು ರವಿವಾರ, ನವೆಂಬರ್ ಹದಿನೇಳು. ಇನ್ನು ಸ್ವಲ್ಪ ಹೊತ್ತಿಗೆ ನಿಮ್ಮ ಯಜಮಾನರ ಫೋನು ಬರುತ್ತದೆ. ಪೆನ್ನು ನಿಮ್ಮ ಕೈಯಲ್ಲಿದೆ, ಕೂಸಿನ ಸಾಲು ಈಗಷ್ಟೇ ಬರೆದಿದ್ದೀರಿ. ಅದನ್ನು ಹೊಡೆದುಹಾಕಬೇಡಿ. ಅವರಿಗೆ ಓದಿ ಹೇಳಿ.